ಹೆಸರಿನ ಮೇಲೆ ಎರಡು ಲೇಪ

ನಮ್ಮ ಮನೆಯಲ್ಲಿ ಇದುವರೆಗೆ ಮೊಟ್ಟೆ ಒಡೆದವರಿಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ಮೀನು ಹಿಡಿಯುವ ಕೋಲುಗಳು ಗೋಡೆಗೆ ಒರಗಿ ನಿಂತಿವೆ ಎಂದರೆ ಅಜ್ಜಂಪುರದಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ನಂಬಿದವರು ವಿಚಾರಿಸಲು ಬಂದರು. ಲಿಂಗಪೂಜೆ ಮಾಡುವ ಮನೆಯಲ್ಲಿ ಇದೇನು ಮಲ್ಲಿಕಾಂಬಮ್ಮ ಎಂದವರಿಗೆಲ್ಲ ನಾನು ಕೊಟ್ಟದ್ದು ಒಂದೇ ಉತ್ತರ: ನೀರಿಗೆ ಇಳಿಯುವವರೆಗೂ ಅದು ಬರೀ ಕೋಲು, ಇಳಿದ ಮೇಲೆ ಹಿಡಿದವನ ಪಾಪ, ನೀವು ಕಾಫಿ ಕುಡಿದು ಹೊರಡಿ. ಒಳಗೊಳಗೆ ನನಗೂ ಅದು ಸರಿಬಂದಿರಲಿಲ್ಲ. ಆದರೆ ನನ್ನ ಸೊಸೆ ಕೋಮಲಾಳನ್ನು ಬೈಯುವುದಿದ್ದರೆ ನಾನೇ ಬೈಯಬೇಕು, ಬೀದಿಯವರಿಗೆ ಆ ಹಕ್ಕಿಲ್ಲ.

ನಾವು ಸೀರೆಗೆ ಕುಚ್ಚು ಕಟ್ಟುವವರು. ನಾನು ನಲವತ್ತು ವರ್ಷ ಕಟ್ಟಿದೆ. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೆ ಸೂಜಿ ಕೆಳಗಿಟ್ಟೆ. ಕೋಮಲಾ ಈ ಮನೆಗೆ ಬಂದಾಗ ಅವಳಿಗೆ ರವಿಕೆಗೆ ಹುಕ್ಕು ಹಾಕಲೂ ಬರುತ್ತಿರಲಿಲ್ಲ. ಕೈಮೇಲೆ ಏಟು ಕೊಟ್ಟು ಕೊಟ್ಟು ಕಲಿಸಿದ್ದು ನಾನು. ಎಳೆ ಎಷ್ಟು ಬಿಗಿ ಹಿಡಿಯಬೇಕು, ಗಂಟು ಎಲ್ಲಿ ಮುಚ್ಚಿಡಬೇಕು, ಬೆರಳು ಒಣಗಿದರೆ ಏನು ಮಾಡಬೇಕು, ಎಲ್ಲವೂ ನನ್ನ ಪಾಠ. ಐದು ವರ್ಷಕ್ಕೆ ಅವಳು ನನ್ನನ್ನೂ ಮೀರಿಸಿದಳು. ಅದನ್ನು ಅವಳ ಮುಂದೆ ನಾನು ಒಂದು ದಿನವೂ ಹೇಳಿದವಳಲ್ಲ.

ಕೋಲಿನ ಕೆಲಸ ಹತ್ತಿಸಿದವರು ಮಹಬೂಬ್ ಸಾಬರು. ಸ್ಟೇಷನ್ ರಸ್ತೆಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕಸುಬು, ಬಿಡುವಾದಾಗ ಲಕ್ಕವಳ್ಳಿಯ ಹಿನ್ನೀರಿಗೆ ಹೋಗಿ ಗಾಳ ಹಾಕುವುದು ಹುಚ್ಚು. ಎರಡು ವರ್ಷದ ಹಿಂದೆ ಅವರ ಕೋಲಿನ ಒಂದು ಉಂಗುರ ಸಡಿಲವಾಗಿತ್ತು. ಗಾಳದ ದಾರ ಈ ಉಂಗುರಗಳ ಒಳಗೇ ಓಡಬೇಕು. ಒಂದೊಂದು ಉಂಗುರದ ಕಾಲನ್ನೂ ಕೋಲಿಗೆ ತೆಳ್ಳನೆಯ ದಾರದಿಂದ ಎಳೆಗೆ ಎಳೆ ಹೊಂದಿಸಿ ಸುತ್ತಿ ಕಟ್ಟಬೇಕು. ತಂತಿ ಸುತ್ತಿ ಒರಟಾದ ಸಾಬರ ಬೆರಳಿಗೆ ಆ ದಾರ ಬಗ್ಗಲಿಲ್ಲ. ಕೋಮಲಾ ಹತ್ತು ನಿಮಿಷದಲ್ಲಿ ಸುತ್ತಿಕೊಟ್ಟಳು, ಜೊತೆಗೆ ಅಂಚಿಗೆ ಹಳದಿ ಎಳೆಯಲ್ಲಿ ಸಣ್ಣದೊಂದು ರುದ್ರಾಕ್ಷಿ ಕುಚ್ಚಿನ ವಿನ್ಯಾಸವನ್ನೂ ಇಟ್ಟಳು. ಸಾಬರು ಅದನ್ನು ಊರೆಲ್ಲ ತೋರಿಸಿದರು.

ಹಾಗೆ ಸುದ್ದಿ ತರೀಕೆರೆಯ ಶಿವಪ್ರಸಾದನಿಗೆ ಮುಟ್ಟಿತು. ಅವನು ಗಿರಾಕಿಗಳಿಗೆ ಬೇಕಾದ ಅಳತೆಗೆ ಗಾಳದ ಕೋಲು ಮಾಡಿಸಿಕೊಡುವವನು. ಕೋಲು, ಉಂಗುರ, ದಾರ ಎಲ್ಲ ಕಟ್ಟಿ ಕಡೂರು ಬಸ್ಸಿನಲ್ಲಿ ಕಂಡಕ್ಟರಾಗಿರುವ ನನ್ನ ಮಗ ಬಸವೇಶನ ಕೈಗೆ ಕೊಡುತ್ತಿದ್ದ. ಕೋಮಲಾ ಸುತ್ತಿ ವಾಪಸು ಕಳಿಸುತ್ತಿದ್ದಳು. ಆಮೇಲಿನ ಕೆಲಸ ಶಿವಪ್ರಸಾದನದು. ಸುತ್ತಿದ ದಾರದ ಮೇಲೆ ಎಪಾಕ್ಸಿ ಎಂಬ ಲೇಪ ಬಳಿಯಬೇಕು. ಆರಿದ ಮೇಲೆ ಅದು ಗಾಜಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ, ಅದಿಲ್ಲದಿದ್ದರೆ ದಾರ ನಾಲ್ಕು ದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಅವನ ಅಂಗಡಿಯ ಚೀಟಿ ಅಂಟಿಸಿ ಅದರ ಮೇಲೂ ಇದೇ ಲೇಪ. ಒಮ್ಮೆ ಒಳಗೆ ಕೂತ ಹೆಸರು ಕೋಲು ಇರುವವರೆಗೂ ಇರುತ್ತದೆ.

ಎರಡು ವರ್ಷ ಕೋಮಲಾ ಏನೂ ಅನ್ನಲಿಲ್ಲ. ಈ ಮಳೆಗಾಲದಲ್ಲಿ ಸಾಬರು ತಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಯಾರೋ ಒಬ್ಬ ದೊಡ್ಡ ಮನುಷ್ಯ ಕೋಲು ಹಿಡಿದು ನಿಂತಿದ್ದಾನೆ, ಕೋಲಿನ ಮೇಲೆ ನಮ್ಮ ರುದ್ರಾಕ್ಷಿ ವಿನ್ಯಾಸ, ಕೆಳಗೆ ನೂರಾರು ಜನ ಶಿವಪ್ರಸಾದನ ಕೈಚಳಕವನ್ನು ಹೊಗಳಿ ಬರೆದಿದ್ದಾರೆ. ಕೋಮಲಾ ನೋಡಿ ಫೋನು ಹಿಂದಿರುಗಿಸಿದಳು. ಅವತ್ತಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಬಸವೇಶ ಮೇಲೆ ಮಜ್ಜಿಗೆ ಸುರಿದುಕೊಂಡು ಉಂಡ. ನಾನು ಬೈಯಲು ಹೊರಟವಳು ಅವಳ ಮುಖ ನೋಡಿ ಸಾರಿಗೆ ಬಿಸಿನೀರು ಬೆರೆಸಿದೆ.

ಮಾರನೆಯ ದಿನ ಅವಳು ತರೀಕೆರೆಗೆ ಹೊರಟಳು. ಒಬ್ಬಳನ್ನೇ ಕಳಿಸಬಾರದೆಂದು ನಾನೂ ಹೊರಟೆ. ಕೋಲಿನ ಮೇಲೆ ತನ್ನ ಹೆಸರೂ ಇರಲಿ ಎಂದು ಅವಳು ನೇರವಾಗಿ ಕೇಳಿದಳು. ಶಿವಪ್ರಸಾದ ಕೆಟ್ಟವನಲ್ಲ, ಬಾಯಿ ಮಾತ್ರ ಒಂದು ಗೇಣು ಉದ್ದ. ಟೀ ತರಿಸಿ, ಕೂರಿಸಿ, ನಕ್ಕುಕೊಂಡೇ ಹೇಳಿದ.

“ದಾರ ಯಾರು ಬೇಕಾದ್ರೂ ಸುತ್ತುತಾರೆ ಕೋಮಲಮ್ಮ. ಮೇಲೆ ಕೋಟಿಂಗ್ ಮಾಡೋದೇ ಕೆಲ್ಸ. ಕೋಟಿಂಗ್ ಯಾರ್ದೋ ಹೆಸರು ಅವರ್ದು.”

“ಹಂಗಾದ್ರೆ ಕೋಟಿಂಗೂ ನಾನೇ ಮಾಡ್ತೀನಿ,” ಅಂದಳು ಕೋಮಲಾ.

ಅವನ ನಗು ಅಲ್ಲಿಗೆ ನಿಂತಿತು. ಒಳಗೆ ಹೋಗಿ ಒಂಬತ್ತು ಉಂಗುರದ ಒಂದು ಉದ್ದನೆಯ ಕೋಲು ತಂದು ಅವಳ ಮುಂದಿಟ್ಟ. ಮುಂದಿನ ತಿಂಗಳ ಎರಡನೇ ಭಾನುವಾರ ಲಕ್ಕವಳ್ಳಿಯಲ್ಲಿ ಅದನ್ನು ಒಬ್ಬ ಗಿರಾಕಿಯ ಕೈಗೆ ಕೊಡಬೇಕು. ಶನಿವಾರ ತಾನೇ ಅಜ್ಜಂಪುರಕ್ಕೆ ಬಂದು ನೋಡುತ್ತೇನೆ, ಒಂದು ಗುಳ್ಳೆ, ಒಂದು ಗುಳಿ ಇಲ್ಲದಿದ್ದರೆ ಇದರ ಮೇಲೂ ಮುಂದಿನ ಎಲ್ಲ ಕೋಲುಗಳ ಮೇಲೂ ನಿಮ್ಮ ಹೆಸರೇ ಇರಲಿ, ಇದ್ದರೆ ಇನ್ನು ಹೆಸರಿನ ಮಾತು ಎತ್ತಬಾರದು ಎಂದ. ಕೋಮಲಾ ಕೋಲು ಎತ್ತಿಕೊಂಡಳು. ನಾನು ಅವನ ಟೀ ಕುಡಿಯದೆ ಎದ್ದೆ. ಬಸ್ಸಿನಲ್ಲಿ ಅದಕ್ಕಾಗಿ ಸ್ವಲ್ಪ ಪಶ್ಚಾತ್ತಾಪವೂ ಆಯಿತು, ಏಲಕ್ಕಿ ಹಾಕಿದ ಟೀ ಅದು.

ಲೇಪ ಆರಿಸುವುದೇ ಒಂದು ದೊಡ್ಡ ರಾಮಾಯಣವಾಯಿತು. ಮೊದಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಅಂಟು ತಂದರು. ಸಾಬರು ತಾವೇ ಒರಟೊರಟಾಗಿ ದಾರ ಸುತ್ತಿದ್ದ ಮುರುಕಲು ಕೋಲಿನ ತುಂಡುಗಳ ಮೇಲೆ ಅದನ್ನು ಬಳಿದು ನೋಡಿದರು. ಬ್ರಷ್ ಎಳೆಯುವುದರೊಳಗೆ ಗಟ್ಟಿಯಾಗಿ, ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತು. ಆಮೇಲೆ ಹುಡುಗಿಯರು ಹೂವಿನ ಎಸಳು ಹಾಕಿ ಕೀಚೈನ್ ಮಾಡುವ ರೆಸಿನ್ ತರಿಸಿದರು. ಅದು ನೀರಿನ ಹಾಗೆ ಹರಿದು ಕೋಲಿನ ಕೆಳಗೆ ಹೊಟ್ಟೆ ಬಿಟ್ಟುಕೊಂಡು ನಿಂತಿತು. ಕೊನೆಗೆ ಕೋಲಿಗೆಂದೇ ಮಾಡಿದ ಎಪಾಕ್ಸಿ ತರಿಸಿದರು. ಅದರಲ್ಲೂ ಎರಡು ಜಾತಿ, ಒಂದೇ ಸಲಕ್ಕೆ ದಪ್ಪಗೆ ಕೂರುವುದು ಒಂದು, ತೆಳ್ಳಗಿದ್ದು ಎರಡು ಸಲ ಬಳಿಯಬೇಕಾದ್ದು ಇನ್ನೊಂದು. ಸಾಬರು ದಪ್ಪನೆಯದು ಬೇಗ ಮುಗಿಯುತ್ತದೆ ಎಂದರು.

ಅಲ್ಲಿಯವರೆಗೆ ದೂರ ಕೂತು ಮೂಗು ಮುರಿಯುತ್ತಿದ್ದ ನನಗೆ ತಡೆಯಲಾಗಲಿಲ್ಲ. ಎರಡನ್ನೂ ಕಡ್ಡಿಯಲ್ಲಿ ಎತ್ತಿ ಬೀಳಿಸಿ ನೋಡಿದೆ. ದಪ್ಪನೆಯದು ಏರಿದ ಪಾಕದ ಹಾಗೆ ತುಂಡಾಗಿ ಬಿತ್ತು. ತೆಳ್ಳನೆಯದು ಒಂದೆಳೆ ಪಾಕ. ಚಿರೋಟಿಗೂ ಒಂದೆಳೆ ಪಾಕವೇ ಒಳಗಿಳಿಯುವುದು, ಗಟ್ಟಿ ಪಾಕ ಮೇಲೇ ಕೂರುತ್ತದೆ. ದಾರಕ್ಕೂ ಅದೇ ನ್ಯಾಯ ಎಂದೆ. ಮೀನಿನ ಕೋಲಿಗೆ ಚಿರೋಟಿಯ ನ್ಯಾಯ ಹೇಳಿದ್ದಕ್ಕೆ ಸಾಬರು ನಕ್ಕರು, ಆದರೆ ತುಂಡುಗಳ ಮೇಲೆ ಬಳಿದು ನೋಡಿದಾಗ ನನ್ನ ಮಾತೇ ಗೆದ್ದಿತು. ಅವತ್ತಿನಿಂದ ನಾನೂ ಪಡಸಾಲೆಯ ಕೆಲಸದವಳಾದೆ.

ವಿಧಾನ ಕಲಿತೆವು. ಎರಡು ಸಿರಿಂಜಿನಲ್ಲಿ ರೆಸಿನ್ನನ್ನೂ ಅದನ್ನು ಗಟ್ಟಿ ಮಾಡುವ ದ್ರವವನ್ನೂ ಸಮಸಮ ಅಳೆಯಬೇಕು, ಕೂದಲೆಳೆ ವ್ಯತ್ಯಾಸವಾದರೂ ತಿಂಗಳಾದರೂ ಆರದೆ ಅಂಟುತ್ತದೆ. ಗುಳ್ಳೆ ಏಳದ ಹಾಗೆ ನಿಧಾನವಾಗಿ ಐದು ನಿಮಿಷ ಕಲಸಬೇಕು. ಬಳಿದ ಮೇಲೆ ಸ್ಪಿರಿಟ್ ದೀಪವನ್ನು ಕೆಳಗಿನಿಂದ ಒಂದು ಸಲ ಆಡಿಸಿದರೆ ಉಳಿದ ಗುಳ್ಳೆಗಳೂ ಒಡೆಯುತ್ತವೆ. ಆರುವವರೆಗೆ ಕೋಲು ಒಂದೇ ಸಮನೆ ತಿರುಗುತ್ತಿರಬೇಕು, ನಿಂತರೆ ಲೇಪ ಕೆಳಗಿಳಿಯುತ್ತದೆ. ಸಾಬರು ಹಳೆಯ ಏರ್ ಕೂಲರಿನ ರೆಕ್ಕೆ ಆಡಿಸುವ ಪುಟ್ಟ ಮೋಟರನ್ನು ಮರದ ತುಂಡಿಗೆ ಬಿಗಿದು ಅದಕ್ಕೆ ವ್ಯವಸ್ಥೆ ಮಾಡಿದರು. ಪಕ್ಕದ ಮನೆಯವರು ಈರುಳ್ಳಿ ಸುಲಿದು ಚೀಲ ಮಾಡುವ ಕಾಲ. ಸಿಪ್ಪೆ ಹಾರಿ ಬಂದು ಕೂತರೆ ಕತೆ ಮುಗಿದಂತೆ ಎಂದು ಕಿಟಕಿಗೆಲ್ಲ ನನ್ನ ಹಳೆಯ ಸೀರೆ ಕಟ್ಟಿದೆವು. ಸಾಬರ ಒರಟು ಸುತ್ತಿನ ತುಂಡುಗಳು ಕನ್ನಡಿಯ ಹಾಗೆ ಹೊಳೆದವು. ಇನ್ನು ಗೆದ್ದೆವು ಎಂದುಕೊಂಡೆವು.

ಕೋಮಲಾ ನಿಜವಾದ ಕೋಲಿಗೆ ದಾರ ಸುತ್ತಿದಳು. ಒಂದು ವಾರ ಹಿಡಿಯಿತು. ಕೆಂಪು, ಕಡುನೀಲಿ, ನಡುವೆ ಹಳದಿ ರುದ್ರಾಕ್ಷಿ. ಅದರಷ್ಟು ಚೆಂದದ ಕೆಲಸವನ್ನು ನಾನು ರೇಷ್ಮೆ ಸೀರೆಯ ಮೇಲೂ ಕಂಡಿರಲಿಲ್ಲ. ಲೇಪ ಬಳಿದಳು. ಅರ್ಧ ಗಂಟೆಯಲ್ಲಿ ಅದು ಹಾಳಾಯಿತು. ದಾರದ ಮೇಲೆ ಅಲ್ಲಲ್ಲಿ ಲೇಪ ಹಿಂದೆ ಸರಿದು ಸಾಸಿವೆ ಗಾತ್ರದ ಗುಂಡು ಗುಂಡು ಗುಳಿ ಬಿದ್ದವು. ಒಂಬತ್ತು ಉಂಗುರಗಳಲ್ಲಿ ಏಳರ ಮೇಲೆ ಗುಳಿ, ಎರಡು ಮಾತ್ರ ಶುದ್ಧ.

ತಪ್ಪು ಹುಡುಕಲು ಕೂತೆವು. ಸಾಬರು ಮಳೆಗಾಲದ ತೇವ ಎಂದರು. ನಾನು ಅವರ ಮೋಟರಿನ ಗ್ರೀಸು ಹಾರಿದೆ ಎಂದೆ. ಅವರು ಬೇಜಾರಾಗಿ ಮೋಟರು ಬಿಚ್ಚಿ ತೊಳೆದು ತಂದರು. ಕೋಮಲಾ ಯಾರನ್ನೂ ದೂರಲಿಲ್ಲ. ಲೇಪವನ್ನು ಬಿಸಿ ಮಾಡಿ ಬ್ಲೇಡಿನಿಂದ ಸೀಳಿ ತೆಗೆದು, ಮತ್ತೆ ಸುತ್ತಿ, ಮತ್ತೆ ಬಳಿದಳು. ಮತ್ತೆ ಗುಳಿ, ಈ ಸಲ ಒಂಬತ್ತರ ಮೇಲೂ. ಅಷ್ಟರಲ್ಲಿ ಮಂಗಳವಾರ ಬಂದಿತ್ತು. ಶನಿವಾರಕ್ಕೆ ನಾಲ್ಕು ದಿನ.

“ನನ್ನ ಕೈಗೆ ಇದು ಹತ್ತಲ್ಲ ಅತ್ತೆ. ಸಾಬ್ರ ಕೆಟ್ಟ ಸುತ್ತಿನ್ಮೇಲೆ ಕೂರೋದು ನನ್ನ ಸುತ್ತಿನ್ಮೇಲೆ ಕೂರಲ್ಲ ಅಂದ್ರೆ ಏನರ್ಥ?” ಅಂದಳು.

ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದೇ ನನಗೆ ಹೆದರಿಕೆ ತಂದದ್ದು. ಆದರೂ ಅವಳು ಬ್ಲೇಡು ಕೆಳಗಿಡಲಿಲ್ಲ. ಒಂದು ಉಂಗುರದ ಮೇಲಿನದನ್ನು ಸೀಳಿ ತೆಗೆದು ಹೊಸ ದಾರ ಸುತ್ತತೊಡಗಿದಳು. ನಾನು ಎದುರಿಗೆ ಕೂತು ಆ ಪ್ರಶ್ನೆಯನ್ನೇ ಮೆಲುಕು ಹಾಕುತ್ತ ಅವಳ ಕೈ ನೋಡುತ್ತಿದ್ದೆ. ಹತ್ತು ಸುತ್ತಿಗೊಮ್ಮೆ ಅವಳ ಬಲಗೈ ತಾನಾಗಿ ಮೇಲೆದ್ದು, ಬೈತಲೆಯ ಪಕ್ಕದ ಕೂದಲನ್ನು ಎರಡು ಬೆರಳಿನಿಂದ ಸವರಿ, ಮತ್ತೆ ದಾರಕ್ಕೆ ಬರುತ್ತಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಉಸಿರಾಟದ ಹಾಗೆ ಅದು.

ನನಗೆ ಗೊತ್ತಿತ್ತು. ಬೆರಳು ಒಣಗಿದರೆ ರೇಷ್ಮೆಯ ಎಳೆ ಬಿರಿಯುತ್ತದೆ, ತಲೆಯ ಎಣ್ಣೆಗೊಮ್ಮೆ ಬೆರಳು ಸವರಿಕೊ ಎಂದು ಇಪ್ಪತ್ತು ವರ್ಷದ ಹಿಂದೆ ಅವಳ ಕೈಗೆ ಹೊಡೆದು ಹೊಡೆದು ಕಲಿಸಿದ್ದು ನಾನು. ಕೊಬ್ಬರಿ ಎಣ್ಣೆ ದಿನಾ ಹಚ್ಚುವ ತಲೆ. ಸೀರೆಗೆ ಅದರಿಂದ ಲಾಭವೇ. ಆದರೆ ಎಣ್ಣೆ ಇದ್ದಲ್ಲಿ ಬಣ್ಣ ನಿಲ್ಲುತ್ತದೆಯೇ, ಲೇಪ ನಿಲ್ಲುತ್ತದೆಯೇ? ಶಿವಪ್ರಸಾದ ಬಳಿಯುತ್ತಿದ್ದದ್ದು ದಪ್ಪನೆಯದು, ಅದು ಎಣ್ಣೆಯ ಮೇಲೂ ಕೂತು ಎರಡು ವರ್ಷ ಎಲ್ಲ ಮುಚ್ಚಿಟ್ಟಿತ್ತು. ಸಾಬರ ತಲೆ ಅಂಗೈಯ ಹಾಗೆ ಬೋಳು. ಸವರಿಕೊಳ್ಳಲು ಅವರಿಗೆ ಕೂದಲೂ ಇಲ್ಲ, ಎಣ್ಣೆಯೂ ಇಲ್ಲ. ಮೊದಲ ಸಲ ಶುದ್ಧವಾಗಿ ಬಂದ ಎರಡು ಉಂಗುರಗಳನ್ನು ಕೋಮಲಾ ಸುತ್ತಿದ್ದು ಸೋಮವಾರ, ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಿಗೆ ಟವೆಲು ಸುತ್ತಿದ್ದಾಗ.

ಸುಮ್ಮನಿದ್ದುಬಿಡಬಹುದಿತ್ತು. ಅವಳ ಕೂದಲಿಗೆ ಏನಾದರೂ ನೆಪ ಹೇಳಿ ಬಟ್ಟೆ ಕಟ್ಟಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಾಬರ ಮೋಟರಿಗೆ ಅಷ್ಟು ಅಂದವಳು, ನಲವತ್ತು ವರ್ಷದ ಕಸುಬಿನವಳು ಎಂದು ಮೆರೆದವಳು ನಾನು. ಹೇಳಲು ನನಗೆ ನಾಚಿಕೆಯಾಯಿತು. ಆದರೆ ತನ್ನ ಕೈಯೇ ಸರಿಯಿಲ್ಲ ಎಂದು ಅವಳು ನಂಬಿ ಕೂತಿದ್ದಳು. ಅದನ್ನು ನೋಡಿಕೊಂಡು ನನಗೆ ಸುಮ್ಮನಿರಲಾಗಲಿಲ್ಲ. ಅವಳ ಕೈ ಮತ್ತೆ ತಲೆಗೆ ಹೋದಾಗ ಗಟ್ಟಿಯಾಗಿ ಹಿಡಿದುಕೊಂಡೆ.

“ನಿನ್ನ ಕೈದಲ್ಲ ಕಣೇ ತಪ್ಪು. ನಾನು ಕಲ್ಸಿದ್ದು ತಪ್ಪು.”

ಹಿಡಿದ ಕೈಯನ್ನೇ ಅವಳು ನೋಡಿದಳು, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ಮೂಸಿದಳು. ಕೊಬ್ಬರಿ ಎಣ್ಣೆಯ ವಾಸನೆ. ಅವಳಿಗೆ ಎಂಥ ನಗು ಬಂತೆಂದರೆ ಅಂಗಡಿಯಿಂದ ಬರುತ್ತಿದ್ದ ಸಾಬರು ಹೊಸಿಲಲ್ಲೇ ನಿಂತರು. ವಿಷಯ ತಿಳಿದು ಅವರು ತಮ್ಮ ಬೋಳು ತಲೆ ಸವರಿಕೊಂಡು ಅಲ್ಲಾನ ದಯೆ ಎಂದರು. ಮೋಟರಿಗೆ ಅಂದ ಮಾತು ವಾಪಸು ತೆಗೆದುಕೊಂಡೆ ಸಾಬ್ರೇ ಎಂದು ನಾನೇ ಹೇಳಿದೆ. ಅವರು ಎರಡನೇ ಸಲ ಹೇಳಿಸಿಕೊಂಡರು.

ಬುಧವಾರ ಕೋಮಲಾ ಸೀಗೆಪುಡಿ ಹಾಕಿ ತಲೆ ಉಜ್ಜಿಕೊಂಡಳು. ನಾನು ಅವಳ ಕೂದಲನ್ನು ಎತ್ತಿ ಗಂಟು ಹಾಕಿ ಬಿಳಿ ಬಟ್ಟೆಯಲ್ಲಿ ಹಣೆಯವರೆಗೂ ಬಿಗಿದೆ. ಹಳೆಯದನ್ನೆಲ್ಲ ಸೀಳಿ ತೆಗೆದು, ಕೋಲನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ದಾರ ಶುರುಮಾಡಿದೆವು. ಅಷ್ಟಾದರೂ ಅವಳ ಕೈ ಏಳುತ್ತಿತ್ತು. ನಾನು ಎದುರಿಗೆ ಒಂದು ಸ್ಕೇಲು ಹಿಡಿದು ಕೂತೆ, ಎದ್ದಾಗಲೆಲ್ಲ ಮಣಿಕಟ್ಟಿಗೆ ಒಂದು ತಟ್ಟು. ಕಲಿಸಲು ಹೊಡೆದ ಕೈಗೆ ಈಗ ಮರೆಸಲು ಹೊಡೆಯುತ್ತಿದ್ದೆ. ವಿನ್ಯಾಸ ಆಗಲೇ ಅವಳ ಕೈಗೆ ಕೂತಿತ್ತು, ರಾತ್ರಿಯೂ ಮಲಗದೆ ಸುತ್ತಿ ಗುರುವಾರ ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ಮುಗಿಸಿದಳು.

ಇನ್ನು ಹೆಸರು. ಅದು ಲೇಪದ ಕೆಳಗೆ ಇರಬೇಕಾದ್ದರಿಂದ ಗೆಲ್ಲುವ ಮೊದಲೇ ಬರೆಯಬೇಕು. ಸೋತರೆ ಅದನ್ನೂ ಬ್ಲೇಡಿನಲ್ಲಿ ಕೆರೆದು ತೆಗೆಯಬೇಕು. ಆಮೇಲೆ ಬರೆದರಾಯ್ತು ಎನ್ನುವ ಹಾಗಿಲ್ಲ. ಕೋಮಲಾ ಬಿಳಿ ಶಾಯಿಯ ಪೆನ್ನು ಹಿಡಿದು ನನಗೆ ಬೆನ್ನು ಹಾಕಿ ಕೂತಳು. ಬಹಳ ಹೊತ್ತು ಬರೆದಳು. ಹೆಸರು ಬರೀತಿದೀಯೋ ಖಾತೆ ಪತ್ರ ಬರೀತಿದೀಯೋ ಎಂದು ನಾನು ರೇಗಿದೆ. ಅವಳು ಕೋಲನ್ನು ಇನ್ನಷ್ಟು ಆಚೆ ತಿರುಗಿಸಿಕೊಂಡಳು. ಆಮೇಲೆ ಮೊದಲ ಲೇಪ ಬಳಿದಳು. ಅರ್ಧ ಗಂಟೆ ನಾವು ಮೂವರೂ ತಿರುಗುವ ಕೋಲಿಗೇ ಕಣ್ಣು ನೆಟ್ಟು ಕೂತೆವು. ಒಂದು ಗುಳಿಯೂ ಬೀಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಎರಡನೇ ಲೇಪ. ಬಳಿದು, ದೀಪ ಆಡಿಸಿ, ಮೋಟರಿಗೆ ಹಾಕಿ ಕಾಲು ಗಂಟೆಯಾಗಿರಬೇಕು, ಕರೆಂಟು ಹೋಯಿತು. ಕೋಲು ನಿಂತಿತು. ಕೋಮಲಾ ಓಡಿ ಬಂದು ಕೈಯಲ್ಲಿ ತಿರುಗಿಸತೊಡಗಿದಳು. ಸಾಬರು ಲೈನ್‌ಮನ್‌ಗೆ ಫೋನು ಮಾಡಿದರೆ ಕಂಬದ ಕೆಲಸ, ಮೂರು ಗಂಟೆಗೆ ಬರುತ್ತದೆ ಎಂಬ ಉತ್ತರ. ನಾನು ಅವಳನ್ನು ಸರಿಸಿ ಮಣೆ ಹಾಕಿಕೊಂಡು ಕೂತೆ. ಕನ್ನಡಕವಿಲ್ಲದ ನನ್ನ ಕಣ್ಣಿಗೆ ಹಿಡಿಯ ಮೇಲಿನ ಬಿಳಿ ಅಕ್ಷರ ಬರೀ ಒಂದು ಗೆರೆ. ಬೇಗ ತಿರುಗಿಸಿದರೂ ಕಷ್ಟ, ತಡೆದರೂ ಕಷ್ಟ, ಒಂದೇ ಲಯ ಬೇಕು. ನನಗೆ ಗೊತ್ತಿದ್ದ ಲಯ ಒಂದೇ. ಒಂದು ಓಂ ನಮಃ ಶಿವಾಯಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಉಳಿದರ್ಧ. ಸಾಬರು ಜುಮ್ಮಾ ನಮಾಜಿಗೆ ಹೋಗಿ ಬಂದರು, ಆಗಲೂ ತಿರುಗಿಸುತ್ತಿದ್ದೆ. ಮೀನಿನ ಕೋಲಿಗೆ ಪಂಚಾಕ್ಷರಿ ಜಪ ಕೇಳಿ ಶಿವನಿಗೂ ನಗು ಬಂದಿರಬೇಕು. ಭುಜ ಸೋತು ಬಿದ್ದರೂ ಕೋಮಲಾಳಿಗೆ ಬಿಟ್ಟುಕೊಡಲಿಲ್ಲ. ಆ ಎಣ್ಣೆ ಹಚ್ಚಿಸಿದ್ದು ನಾನು, ಇದು ನನ್ನ ಪಾಲಿನ ಕೆಲಸ. ಕರೆಂಟು ಬಂದಾಗ ಲೇಪ ಆಗಲೇ ಕಚ್ಚಿ ನಿಂತಿತ್ತು.

ಶನಿವಾರ ಸಂಜೆ ನಾಲ್ಕಕ್ಕೆ ಶಿವಪ್ರಸಾದ ಬೈಕಿನಲ್ಲಿ ಬಂದ. ಕೋಲನ್ನು ಬಾಗಿಲ ಬೆಳಕಿಗೆ ಹಿಡಿದ, ಫೋನಿನ ಟಾರ್ಚು ಬಿಟ್ಟ, ಜೇಬಿನಿಂದ ಭೂತಗನ್ನಡಿ ತೆಗೆದ. ಒಂದು ಉಂಗುರದಿಂದ ಇನ್ನೊಂದಕ್ಕೆ ಹೋಗುತ್ತ ಅವನ ಉದ್ದದ ಬಾಯಿ ಚಿಕ್ಕದಾಗುತ್ತ ಬಂತು. ಒಂಬತ್ತನೆಯದನ್ನು ನೋಡಿ, ಹಿಂದಿರುಗಿ ಮೊದಲನೆಯದನ್ನು ಮತ್ತೆ ನೋಡಿದ.

“ನನ್ನ ಕೈಲಿ ಇಷ್ಟು ಚೆನ್ನಾಗಿ ಬರಲ್ಲ ಕೋಮಲಮ್ಮ,” ಅಂದ.

ಅವನು ಹಾಗೆ ಹೇಳಿದ್ದು ಅವನ ದೊಡ್ಡತನ. ಕೋಮಲಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಸಾಬರು ಆ ಹೊಗಳಿಕೆ ತಮಗೇ ಬಂದಂತೆ ಮೀಸೆ ತಿರುವಿದರು. ಅಷ್ಟರಲ್ಲಿ ಶಿವಪ್ರಸಾದ ಹಿಡಿಯ ಮೇಲಿನ ಬಿಳಿ ಅಕ್ಷರಗಳಿಗೆ ಬಂದಿದ್ದ. ಜೋರಾಗಿ ಓದಿದ: “ಕಟ್ಟಿದವರು ಮಲ್ಲಿಕಾಂಬ, ಕೋಮಲಾ. ಅಜ್ಜಂಪುರ.”

ನನಗೆ ತಪ್ಪಾಗಿ ಕೇಳಿಸಿತು ಅಂದುಕೊಂಡೆ. ಇನ್ನೊಂದು ಸಲ ಓದಪ್ಪ ಎಂದೆ. ಅವನು ಓದಿದ. ನಲವತ್ತು ವರ್ಷದಲ್ಲಿ ನಾನು ಕುಚ್ಚು ಕಟ್ಟಿದ ಸೀರೆಗಳು ಎಷ್ಟೋ ಮದುವೆಗಳಲ್ಲಿ ಧಾರೆಗೆ ನಿಂತಿವೆ. ಯಾವ ಸೆರಗಿನ ತುದಿಯಲ್ಲೂ ನನ್ನ ಹೆಸರಿರಲಿಲ್ಲ, ಇರಬೇಕು ಎಂದು ನನಗೆ ಹೊಳೆದೂ ಇರಲಿಲ್ಲ. ನಾನು ಅತ್ತುಬಿಟ್ಟೆ. ಎಲ್ಲರ ಮುಂದೆ ಅತ್ತೆ. ಸ್ಪಿರಿಟ್ ದೀಪದ ಹೊಗೆ ಎಂದೆ, ದೀಪ ಹಚ್ಚಿರಲಿಲ್ಲ.

ಶಿವಪ್ರಸಾದ ತಲೆ ಕೆರೆದುಕೊಂಡ. ಮಾತಾಗಿದ್ದು ಒಂದು ಹೆಸರಿಗಲ್ಲವೇ, ಇಲ್ಲಿ ಎರಡಿವೆಯಲ್ಲ ಎಂದು ಅರ್ಧ ತಮಾಷೆಗೆ ರಾಗ ಎಳೆದ. ನನಗೆ ನನ್ನ ಹಳೇ ನಾಲಿಗೆ ವಾಪಸು ಬಂತು.

“ಹೆಚ್ಚಾಗಿದ್ರೆ ಒಂದ್ನ ಅಳಿಸ್ಬಿಡಪ್ಪ.”

ಅವನು ಹೆಬ್ಬೆರಳಿನ ಉಗುರನ್ನು ನನ್ನ ಹೆಸರಿನ ಮೇಲೆ ಇಟ್ಟು ಒತ್ತಿ ಕೆರೆದ. ಉಗುರು ಜಾರಿತು. ಇನ್ನೊಮ್ಮೆ ಕೆರೆದ, ಇನ್ನೊಮ್ಮೆ ಜಾರಿತು. ತಂದಿದ್ದ ಅಂಗಡಿಯ ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು, ಟೀ ಇದ್ದರೆ ಕೊಡಿ ಎಂದು ಜಗಲಿಯ ಮೇಲೆ ಕೂತ. ಏಲಕ್ಕಿ ಹಾಕಿಯೇ ಮಾಡಿಕೊಟ್ಟೆ.

ಮಾರನೆಯ ದಿನ ಲಕ್ಕವಳ್ಳಿಯಲ್ಲಿ ಆ ಕೋಲಿಗೆ ಮೀನು ಸಿಕ್ಕಿತಂತೆ. ಸಾಬರು ಫೋನು ಹಿಡಿದು ಓಡಿ ಬಂದು, ಎಷ್ಟು ದೊಡ್ಡದು ಎಂದು ಎರಡೂ ಕೈ ಅಗಲಿಸಿ ವಿವರಿಸತೊಡಗಿದರು. ಮೀನಿನ ಮಾತು ನಮ್ಮ ಮನೆಯಲ್ಲಿ ಬೇಡ ಎಂದು ಅವರನ್ನು ತಡೆದು, ಕನ್ನಡಕ ಹಾಕಿಕೊಂಡು, ಫೋಟೋದಲ್ಲಿ ಹೆಸರು ಕಾಣುತ್ತದೆಯೇ ಎಂದು ಮಾತ್ರ ಕೇಳಿದೆ. ಕಾಣುತ್ತಿತ್ತು, ಎರಡೂ.